ಹೋದವರ ಹಾಸಿಗೆಯೂ ಉಳಿದ ಮಾತ್ರೆಗಳೂ

ಮನೆಯ ಹಿರಿಯರೊಬ್ಬರು ತೀರಿಕೊಂಡ ಕೆಲವು ದಿನಗಳಲ್ಲಿ ಮನೆಮಂದಿಯ ಮುಂದೆ ಒಂದು ಪ್ರಶ್ನೆ ಬರುತ್ತದೆ. ಅವರು ಬಳಸುತ್ತಿದ್ದ ವಸ್ತುಗಳನ್ನು ಏನು ಮಾಡುವುದು? ಅನೇಕ ಮನೆಗಳಲ್ಲಿ ಹಾಸಿಗೆ, ದಿಂಬು, ಬಟ್ಟೆಗಳು ಹಿತ್ತಿಲ ಮೂಲೆಯಲ್ಲಿ ಬೆಂಕಿಗೆ ಬೀಳುತ್ತವೆ. ಔಷಧಿಯ ಡಬ್ಬ ಮಾತ್ರ 'ಯಾವತ್ತಾದರೂ ಬೇಕಾದೀತು' ಎಂದು ಕಪಾಟಿನಲ್ಲೇ ಉಳಿಯುತ್ತದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದು ತಲೆಕೆಳಗಾದ ಕ್ರಮ. ಅಪಾಯವಿರುವುದು ಹೆಚ್ಚಾಗಿ ಡಬ್ಬದಲ್ಲಿ, ಹಾಸಿಗೆಯಲ್ಲಲ್ಲ.

ಸುರತ್ಕಲ್ ಬಳಿಯ ಕಾಟಿಪಳ್ಳದಂತಹ ಊರಿನಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆಯ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳು ನೆಲೆನಿಂತ ಊರು ಇದು. ಆಗ ಸಂಸಾರ ಕಟ್ಟಿಕೊಂಡು ಬಂದವರು ಈಗ ಇಳಿವಯಸ್ಸಿನವರು. ಅವರ ಮಂಚ, ಮರದ ಪೆಟ್ಟಿಗೆಗಳು ಬಿಟ್ಟುಬಂದ ಮನೆಯ ಕೊನೆಯ ಕುರುಹುಗಳೂ ಆಗಿರಬಹುದು. ಇಂಥವನ್ನು ಸುಡುವ ಮೊದಲು ಸುಡುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸುಡುವ ಪದ್ಧತಿ ಏಕೆ?

ಈ ಪದ್ಧತಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಸಿಡುಬು ಇದ್ದ ಕಾಲದಲ್ಲಿ ರೋಗಿಯ ಬಟ್ಟೆಬರೆಗಳಿಂದಲೂ ಸೋಂಕು ಹರಡುತ್ತಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಗಿದೆ ಎಂದು ಘೋಷಿಸಲಾಯಿತು. ರೋಗ ಹೋಯಿತು, ಭಯ ಉಳಿಯಿತು.

ಆ ಭಯ ಇಂದು ಹೆಚ್ಚಾಗಿ ಅಂಟಿಕೊಂಡಿರುವುದು ಕ್ಷಯರೋಗಕ್ಕೆ. ಕ್ಷಯ ಹರಡುವುದು ರೋಗಿ ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳಿಂದ. ತಟ್ಟೆ, ಲೋಟ, ಸೀರೆ, ಹಾಸಿಗೆಗಳಿಂದ ಅಲ್ಲ. 1950ರ ದಶಕದಲ್ಲಿ ಮದ್ರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದು ಮನೆಯಲ್ಲೇ ಚಿಕಿತ್ಸೆ ಪಡೆದವರನ್ನೂ ಸ್ಯಾನಟೋರಿಯಂ ಸೇರಿದವರನ್ನೂ ಹೋಲಿಸಿ ನೋಡಿತು. ರೋಗಿ ಮನೆಯಲ್ಲೇ ಉಳಿದು ಔಷಧಿ ಪಡೆದ ಮಾತ್ರಕ್ಕೆ ಮನೆಯವರಿಗೆ ರೋಗ ಹೆಚ್ಚಲಿಲ್ಲ ಎಂಬುದು ಅದರಿಂದ ತಿಳಿದುಬಂತು.

ಆದ್ದರಿಂದ ಕ್ಷಯದಿಂದ ಒಬ್ಬರು ತೀರಿಕೊಂಡ ಮನೆಯಲ್ಲಿ ಪರೀಕ್ಷೆಯಾಗಬೇಕಾದುದು ಉಳಿದವರ ಎದೆಗೆ. ಸೋಂಕು ತಗಲಿದ ಮೊದಲ ಎರಡು ವರ್ಷಗಳಲ್ಲಿ ರೋಗ ತಲೆದೋರುವ ಸಾಧ್ಯತೆ ಹೆಚ್ಚು. 5 ವರ್ಷದೊಳಗಿನ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. 2021ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ರೋಗಿಯ ಮನೆಯವರೆಲ್ಲರನ್ನೂ ತಪಾಸಣೆ ಮಾಡಿ, ರೋಗವಿಲ್ಲದವರಿಗೆ ತಡೆ ಚಿಕಿತ್ಸೆ ಕೊಡುವ ಮಾರ್ಗಸೂಚಿ ಇದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಹಾಸಿಗೆ ಸುಟ್ಟು, ಕೆಮ್ಮುವ ಮೊಮ್ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ಏನೂ ಮಾಡಿದಂತಾಗಲಿಲ್ಲ.

ಬಟ್ಟೆ, ಹಾಸಿಗೆ

ಬಟ್ಟೆಗಳನ್ನು ಬಿಸಿನೀರು, ಸಾಬೂನಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿದರೆ ಸಾಕು; ಯಾರು ಬೇಕಾದರೂ ಉಡಬಹುದು. ಮಲ, ಮೂತ್ರ, ರಕ್ತ ಒಳಗೆ ಇಳಿದ ಹಾಸಿಗೆಯನ್ನು ತೆಗೆದುಹಾಕುವುದೇ ಸರಿ. ಆದರೆ ಅಂಗಳದಲ್ಲಿ ಸುಡಬೇಡಿ. ಫೋಮ್ ಮತ್ತು ರೆಕ್ಸಿನ್‌ನ ಹೊಗೆ ವಿಷಕಾರಿ. ನೆರೆಮನೆಯ ಉಬ್ಬಸ ರೋಗಿಗೆ ಅದು ಆಸ್ಪತ್ರೆಯ ದಾರಿ ತೋರಿಸೀತು. ರೋಗಿಗೆ ಕಜ್ಜಿ ಇದ್ದಿದ್ದರೆ, ಒಗೆಯಲಾಗದ ಹೊದಿಕೆಗಳನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಟ್ಟರೆ ಕಜ್ಜಿಯ ಹುಳು ಸಾಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಬೂಸ್ಟು ಹಿಡಿಯುವುದನ್ನೂ ಮರೆಯಬಾರದು. ನೆನಪಿಗೆಂದು ಇಟ್ಟುಕೊಳ್ಳುವುದನ್ನು ಒಣಗಿಸಿಯೇ ಇಡಿ.

ರೇಜರ್, ಉಗುರು ಕತ್ತರಿಸುವ ಸಾಧನ, ಹಲ್ಲುಜ್ಜುವ ಬ್ರಷ್‌ಗಳನ್ನು ಮಾತ್ರ ಬೇರೆಯವರು ಬಳಸಬಾರದು. ಒಣಗಿದ ರಕ್ತದ ಕಲೆಯಲ್ಲಿ ಹೆಪಟೈಟಿಸ್-ಬಿ ವೈರಸ್ 7 ದಿನಗಳವರೆಗಾದರೂ ಬದುಕಿರಬಲ್ಲದು.

ಮೊದಲು ಹೊರಹೋಗಬೇಕಾದದ್ದು

ಮಾತ್ರೆಗಳಿಗೆ ಕಾಯುವ ಮಾತಿಲ್ಲ. ಅಜ್ಜನ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ಒಂದೆರಡನ್ನು ಪುಟ್ಟ ಮಗು ನುಂಗಿದರೂ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಹೃದಯದ ಡಿಗಾಕ್ಸಿನ್, ರಕ್ತ ತೆಳುಗೊಳಿಸುವ ಮಾತ್ರೆ, ನಿದ್ರೆಯ ಮಾತ್ರೆಗಳೂ ಹಾಗೆಯೇ. ದುಃಖದಲ್ಲಿ ಮುಳುಗಿದವರ ಕೈಗೆ ನಿದ್ರೆಯ ಮಾತ್ರೆ ಎಟಕುವಂತಿರುವುದು ಇನ್ನೊಂದು ಅಪಾಯ. 'ನನಗೂ ಬಿಪಿಯೇ ತಾನೆ' ಎಂದು ಹೋದವರ ಮಾತ್ರೆಯನ್ನು ಇದ್ದವರು ನುಂಗುವುದೂ ಸಲ್ಲದು. ಗಲ್ಫ್‌ನಿಂದ ಬಂದವರು ಬಿಟ್ಟುಹೋದ, ಹೆಸರು ಓದಲು ಬಾರದ ಮಾತ್ರೆ, ಮುಲಾಮುಗಳಿಗೂ ಇದೇ ಮಾತು.

ಕ್ಷಯದ ಔಷಧಿ ಉಳಿದಿದ್ದರೆ ಆರೋಗ್ಯ ಕೇಂದ್ರಕ್ಕೆ ಮರಳಿಸಿ. ಉಳಿದವುಗಳಿಗೆ ಔಷಧಿ ಅಂಗಡಿ ಅಥವಾ ಆಸ್ಪತ್ರೆಯಲ್ಲಿ ವಿಚಾರಿಸಿ. ನೆರೆಯ ಕೇರಳದಲ್ಲಿ ಬಳಸದ ಔಷಧಿ ಹಿಂಪಡೆಯುವ ಯೋಜನೆಯೊಂದು 2025ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾಯಿತು. ಅಂಥ ವ್ಯವಸ್ಥೆ ಇಲ್ಲದಲ್ಲಿ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಬಳಸಿದ ಚಹಾ ಪುಡಿ ಅಥವಾ ಒದ್ದೆ ಮಣ್ಣಿನೊಡನೆ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹಸಿ ಮತ್ತು ಒಣ ಕಸದಿಂದ ಬೇರೆಯಾಗಿ ಕೊಡಿ. ಬಾವಿಗೆ, ತೋಡಿಗೆ ಎಸೆಯಬೇಡಿ. ಕ್ಯಾನ್ಸರ್ ರೋಗಿಗೆ ಕೊಟ್ಟಿದ್ದ ಮಾರ್ಫಿನ್‌ನಂತಹ ತೀವ್ರ ನೋವುನಿವಾರಕಗಳನ್ನು ಕೊಟ್ಟ ಆಸ್ಪತ್ರೆಗೇ ಒಪ್ಪಿಸಿ. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಳ ಹಾಕಿ ಕೊಡಿ. ಕಸ ಆರಿಸುವವರ ಕೈಗೂ ಬೆಲೆಯಿದೆ. ಉಬ್ಬಸದ ಇನ್‌ಹೇಲರ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ.

ಉಳಿಸಿಕೊಳ್ಳಬೇಕಾದದ್ದು

ಆಸ್ಪತ್ರೆಯ ಕಡತವನ್ನು ಎಸೆಯಬೇಡಿ. ತಂದೆಗೆ ಯಾವ ವಯಸ್ಸಿನಲ್ಲಿ ಹೃದಯಾಘಾತವಾಯಿತು, ತಾಯಿಗೆ ಯಾವ ಕ್ಯಾನ್ಸರ್ ಇತ್ತು ಎಂಬುದು ಮಕ್ಕಳ ತಪಾಸಣೆ ಯಾವಾಗ ಶುರುವಾಗಬೇಕೆಂದು ವೈದ್ಯರಿಗೆ ಹೇಳುತ್ತದೆ. ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಒರೆಸಿ ಶುಚಿಮಾಡಿದರೆ ಇನ್ನೊಬ್ಬರಿಗೆ ಆಸರೆಯಾದೀತು.

ಇನ್ನು ಸೀರೆ, ಕನ್ನಡಕ, ಎಲೆಅಡಿಕೆಯ ಚೀಲ. ಇವುಗಳಿಗೆ ಗಡುವಿಲ್ಲ. ಮಕ್ಕಳು ರಜೆ ಮುಗಿಯುವ ಮೊದಲು ಎಲ್ಲವನ್ನೂ ಖಾಲಿ ಮಾಡಿಬಿಡುವುದುಂಟು. ಆದರೆ ಆ ಮನೆಯಲ್ಲಿ ಉಳಿಯುವವರು ಅಮ್ಮನೋ ಅಪ್ಪನೋ. ಅವರನ್ನು ಕೇಳಿಯೇ ಕೈಹಾಕಿ. ಆರು ತಿಂಗಳು ಕಳೆದರೂ ದುಃಖ ಇಳಿಯದೆ ಊಟ, ನಿದ್ದೆ, ಮಾತು ಕುಂದಿದ್ದರೆ ವೈದ್ಯರನ್ನು ಕಾಣಿಸಬೇಕು. ಸಾಯುವ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ತಡಮಾಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು.

ಮಾತ್ರೆ, ಸೂಜಿ ಈ ವಾರವೇ ಹೋಗಲಿ. ಸೀರೆ ಮುಂದಿನ ವರ್ಷವೂ ಇದ್ದರೆ ಯಾರಿಗೂ ಕಾಯಿಲೆ ಬರುವುದಿಲ್ಲ.