ಹಳೆಯ ಮೋಟಾರಿನ ಎಣ್ಣೆಸೋರಿಕೆ

ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯಂಗಳದಲ್ಲಿ ಒಂದು ಹಳೆಯ ಅಂಬಾಸಡರ್ ಕಾರುಂಟು. ಬೆಳಗಾಗುವಷ್ಟರಲ್ಲಿ ಅದರ ಅಡಿಯಲ್ಲಿ ಅಂಗೈಯಗಲದ ಎಣ್ಣೆಯ ಕಲೆ! ಮೇಸ್ತ್ರಿಯೊಬ್ಬರ ಮಾತಿನಂತೆ ತಳದ ಸಂಪಿನ ಗ್ಯಾಸ್ಕೆಟ್ಟನ್ನು ಬದಲಿಸಿದೆವು. ಹಣ ಹೋಯಿತು, ಕಲೆ ಹೋಗಲಿಲ್ಲ.

ಎಣ್ಣೆಯು ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ಶ್ರೋತೃಗಳು ಭಾವಿಸಬಾರದು. ಮೇಲೆ ಒಸರಿದುದು ಕೆಳಗಿಳಿಯುತ್ತದೆ. ಓಟದ ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆಯಿಂದ ಒರಸಿ, ಪೂರ್ತಿ ಆರಿಸಿ, ಲಾಲ್‌ಬಾಗಿನವರೆಗೆ ಓಡಿಸಿ ತಂದು, ಒದ್ದೆಯಾದುದರಲ್ಲಿ ಅತ್ಯಂತ ಮೇಲಿನ ಭಾಗವನ್ನು ಹುಡುಕಬೇಕು.

ನಮ್ಮ ಕಾರಿನದು ಇಂಗ್ಲೆಂಡಿನ ಬಿ.ಎಂ.ಸಿ. ಮೂಲದ 1489 ಸಿ.ಸಿ. ಎಂಜಿನ್ನು. ಅದರ ಕ್ರ್ಯಾಂಕುದಂಡದ ಹಿಂತುದಿಗೆ ರಬ್ಬರು ಸೀಲೇ ಇಲ್ಲ. ದಂಡದಲ್ಲಿ ಕೊರೆದ ತಿರುಪಿನಂಥ ತೋಡು, ತಿರುಗುತ್ತಿರುವಾಗ ಎಣ್ಣೆಯನ್ನು ಒಳಕ್ಕೆ ಮರಳಿಸುತ್ತದೆ. ಜಾಣ ಉಪಾಯವೇ ಸರಿ. ಪಿಸ್ಟನ್ನಿನ ಉಂಗುರಗಳನ್ನು ದಾಟಿ ಬಂದ ಅನಿಲವು ಹೊರಹೋಗಲು ಒಂದು ಉಸಿರುಕೊಳವೆಯುಂಟು. ಅದರಲ್ಲಿ ಜಿಡ್ಡು ಕಟ್ಟಿದರೆ ಒಳಗಣ ಒತ್ತಡವೇರಿ, ತೋಡಿಗೆ ಶಕ್ತಿ ಸಾಲದೆ, ಕ್ಲಚ್ಚಿನ ಪೆಟ್ಟಿಗೆಯಡಿಯಿಂದ ಎಣ್ಣೆ ಬೀಳುತ್ತದೆ. ನಮ್ಮಲ್ಲಿ ಆದುದು ಇದೇ. ಕೊಳವೆಯನ್ನು ತೊಳೆದೊಡನೆ ಕಲೆ ರೂಪಾಯಿಯಗಲಕ್ಕೆ ಇಳಿಯಿತು. ತೊಳೆದರೂ ನಿಲ್ಲದೆ, ಎಣ್ಣೆ ಹೊಯ್ಯುವ ಬಾಯಿಂದ ಹೊಗೆ ಬರುತ್ತಿದ್ದರೆ ಉಂಗುರಗಳು ಸವೆದಿರುವುದೇ ಹೆಚ್ಚು ಸಂಭವ. ಆಗ ಖರ್ಚು ದೊಡ್ಡದು.

ಉಳಿದ ಒಸರು ಪಕ್ಕದ ಟ್ಯಾಪೆಟ್ ಮುಚ್ಚಳದ ಕಾರ್ಕಿನದು. ಜೆ.ಸಿ. ರಸ್ತೆಯಿಂದ ಹೊಸದನ್ನು ತಂದು ಕೂರಿಸಿದೆವು. ಬೋಲ್ಟನ್ನು ಅತಿಯಾಗಿ ಬಿಗಿದರೆ ಕಾರ್ಕು ಹಿಂಡಿ ಹರಿಯುತ್ತದೆ. ಮೊದಲ ಸಲ ನಾವೇ ಹರಿದೆವು.

ನಿಂತ ಕಾರಿನಲ್ಲಿ ತೋಡು ಕೆಲಸಮಾಡದು. ಒಂದೆರಡು ಹನಿ ಇಂದಿಗೂ ಬೀಳುತ್ತವೆ. ಎಣ್ಣೆ ತೀರಾ ಇಳಿದರೆ ಬೇರಿಂಗುಗಳೇ ಸುಟ್ಟಾವೆಂದು, ಪ್ರತಿ ಭಾನುವಾರ ಅಳತೆಕಡ್ಡಿಯನ್ನು ತೆಗೆದು ನೋಡುತ್ತೇವೆ.