ಹೇಮಗಿರಿ ಜಾತ್ರೆಯಲ್ಲಿ ಕಾರಿಗೆ ಜ್ವರ

ರಥಸಪ್ತಮಿಯ ಹೊತ್ತಿಗೆ ಹೇಮಗಿರಿಯಲ್ಲಿ ದನಗಳ ಜಾತ್ರೆ. ಕೆ.ಆರ್. ಪೇಟೆಯವರಾದ ನಮಗೆ ಅದು ಮನೆಹಬ್ಬ ಇದ್ದಂತೆ. ಬೆಟ್ಟ, ಕಲ್ಯಾಣ ವೆಂಕಟರಮಣಸ್ವಾಮಿ ಗುಡಿ, ಪಕ್ಕದಲ್ಲೇ ಹೇಮಾವತಿ ಹೊಳೆ, ಬಯಲಿನ ತುಂಬ ಹಳ್ಳಿಕಾರ್ ಎತ್ತುಗಳು. ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿಯನ್ನು ಕೂರಿಸಿಕೊಂಡು ಆ ದಿನ ನನ್ನ ಮಾರುತಿ 800ರಲ್ಲಿ ಹೊರಟೆ.

1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗೆ ಬಂತು; 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ನನ್ನದು 1999ರದು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಮೇಷ್ಟ್ರ ಸಂಬಳದಲ್ಲಿ ಉಳಿಸಿ ಕೊಂಡಿದ್ದು. ಪುಟ್ಟಿಯ ಅಮ್ಮ ಕಾಲೇಜಿಗೆ ಸೇರಲು ಹೋಗಿದ್ದು, ಪುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಎಲ್ಲ ಇದರಲ್ಲೇ.

ಜಾತ್ರೆ ಬಯಲು ಹತ್ತಿರವಾದಂತೆ ಗಾಡಿ, ಎತ್ತು, ಜನ. ಕಾರು ಆಮೆಯಂತೆ ತೆವಳುತ್ತಿತ್ತು. ‘ತಾತಾ, ಮುಳ್ಳು ಕೆಂಪಿಗೆ ಬಂತು!’ ಎಂದು ಪುಟ್ಟಿ ಕೂಗಿದಾಗಲೇ ನಾನು ನೋಡಿದ್ದು. ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಹಬೆ.

ಎಂಜಿನ್ ಆಫ್ ಮಾಡಿ ಮರದ ನೆರಳಿಗೆ ತಳ್ಳಿಸಿದೆವು. ಪಕ್ಕದಲ್ಲಿದ್ದ ಹುಡುಗನೊಬ್ಬ ಉತ್ಸಾಹದಿಂದ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಬಂದ. ಗದರಿಸಿ ನಿಲ್ಲಿಸಿದೆ. ಮಕ್ಕಳೇ, ಇದೊಂದನ್ನು ನೆನಪಿಡಿ. ಅದರೊಳಗಿನ ನೀರು ಕುಕ್ಕರಿನೊಳಗಿನ ನೀರಿನಂತೆ ಒತ್ತಡದಲ್ಲಿರುತ್ತದೆ, ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಂದು ಗಂಟೆ ಕಾದು, ತಣ್ಣಗಾದ ಮೇಲೆ ನೀರು ತುಂಬಿಸಿ ಮನೆಗೆ ಬಂದೆವು. ವಿಚಿತ್ರವೆಂದರೆ, ಖಾಲಿ ರಸ್ತೆಯಲ್ಲಿ ಮುಳ್ಳು ಮೇಲೇರಲೇ ಇಲ್ಲ.

ಮಾರನೆಯ ದಿನ ದೊಡ್ಡ ಊರಿನ ಒಂದು ಗ್ಯಾರೇಜಿಗೆ ಒಯ್ದೆ. ಗಾಜಿನ ಬಾಗಿಲು, ಕಾಫಿ, ತಂಪು ಕೋಣೆ. ಒಬ್ಬರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ ಹೇಳಿದರು: ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್. ಎಂಜಿನ್ ಬಿಚ್ಚಬೇಕು. ಮೂವತ್ತೆರಡು ಸಾವಿರ. ಅರ್ಧ ಇವತ್ತೇ ಕಟ್ಟಿಬಿಡಿ.’ ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ಹಳೇ ಗಾಡಿ ಅಲ್ವಾ ಸರ್’ ಎಂಬುದೇ ಉತ್ತರ. ನನ್ನ ಪಿಂಚಣಿ ಕಣ್ಮುಂದೆ ಬಂತು. ಯೋಚಿಸಿ ಹೇಳುತ್ತೇನೆಂದು ವಾಪಸು ಬಂದೆ. ಮಗ ಬೆಂಗಳೂರಿನಿಂದ ಫೋನಿನಲ್ಲಿ, ‘ಗುಜರಿಗೆ ಹಾಕ್ಬಿಡಿ ಅಪ್ಪಾ’ ಅಂದ. ಪುಟ್ಟಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ನನ್ನ ತಂದೆ ಹೇಮಗಿರಿ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದು ಆಗ ನೆನಪಾಯಿತು. ಮಾರುವವನ ಮಾತು ಅವರ ಕಿವಿಗೇ ಬೀಳುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುವರು, ಸುಳಿ ನೋಡುವರು, ನಾಲ್ಕು ಹೆಜ್ಜೆ ನಡೆಸುವರು. ಅದಕ್ಕೂ ಮುಂಚೆ ಅದೇ ಎತ್ತುಗಳ ಪಕ್ಕದಲ್ಲಿ ಕಟ್ಟಿಕೊಂಡಿದ್ದ ರೈತರನ್ನು ಮೆಲ್ಲಗೆ ವಿಚಾರಿಸುವರು. (ದರ ಮಾತ್ರ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ! ಅದು ಬೇರೆ ಕಥೆ.) ಕಾರಿಗೂ ಹಾಗೇ ಮಾಡಿದರೇನು?

ಕೆ.ಆರ್. ಪೇಟೆಯಲ್ಲಿ ಬಾಡಿಗೆ ಕಾರು ನಿಲ್ಲುವ ಕಡೆ ಹೋಗಿ ಚಾಲಕರನ್ನು ಕೇಳಿದೆ. ಗಾಡಿ ಒಂದು ದಿನ ನಿಂತರೆ ಅವರ ಅವತ್ತಿನ ಅನ್ನವೂ ನಿಂತಂತೆ. ಕೆಟ್ಟ ಮೆಕ್ಯಾನಿಕ್ ಹತ್ತಿರ ಅವರು ಎರಡನೇ ಸಲ ಹೋಗುವುದಿಲ್ಲ. ಐವರಲ್ಲಿ ಮೂವರು ಒಂದೇ ಶೆಡ್ಡಿನ ಕಡೆ ಕೈ ತೋರಿಸಿದರು.

ತಗಡಿನ ಶೆಡ್ಡು. ಮೆಕ್ಯಾನಿಕ್‌ಗೆ ಐವತ್ತರ ಆಸುಪಾಸು. ಬಾನೆಟ್ ಎತ್ತುವ ಮುಂಚೆಯೇ ಕೇಳಿದರು: ‘ಯಾವಾಗ ಬಿಸಿಯಾಯ್ತದೆ ಮೇಷ್ಟ್ರೇ? ಓಡುವಾಗ್ಲೋ, ನಿಂತಾಗ್ಲೋ?’

ನಾನು ತಡವರಿಸಿದೆ. ಪುಟ್ಟಿ ಹೇಳಿದಳು: ‘ಜಾತ್ರೇಲಿ ಮೆತ್ತಗೆ ಹೋಗುವಾಗ. ರೋಡಲ್ಲಿ ಆಗ್ಲಿಲ್ಲ ಮಾಮ.’

‘ಹಂಗಾದ್ರೆ ಅರ್ಧ ಕೆಲಸ ನೀನೇ ಮಾಡ್ಬುಟ್ಟೆ ಕಣವ್ವ’ ಎಂದು ನಕ್ಕರು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ, ತೆವಳುವಾಗ ಆ ಕೆಲಸ ಫ್ಯಾನಿನದು. ಆಯಿಲ್ ಕಡ್ಡಿ ಎಳೆದು ಬಟ್ಟೆಯ ಮೇಲೆ ಒರೆಸಿ ತೋರಿಸಿದರು. ‘ನೋಡಿ, ಕಪ್ಪಗೈತೆ. ಗ್ಯಾಸ್ಕೆಟ್ ಹೋಗಿ ನೀರು ಸೇರ್ಕಂಡಿದ್ರೆ ಹಾಲಾಕಿದ್ ಕಾಫಿ ಥರ ಆಗ್ತಿತ್ತು.’ ತಣ್ಣಗಿದ್ದ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರು. ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನಮ್ಮಿಬ್ಬರನ್ನೂ ಬಗ್ಗಿಸಿ ನೋಡಿಸಿದರು. ಗುಳ್ಳೆ ಏಳಲಿಲ್ಲ. ಆಮೇಲೆ ಮುಚ್ಚಳ ಹಾಕಿ, ಎಂಜಿನ್ ಓಡುತ್ತಲೇ ಇರಲು ಬಿಟ್ಟರು. ಮುಳ್ಳು ಅರ್ಧ ದಾಟಿದರೂ ಫ್ಯಾನು ಅಲುಗಲಿಲ್ಲ. ವೈರನ್ನು ನೇರ ಬ್ಯಾಟರಿಗೆ ಮುಟ್ಟಿಸಿದಾಗ ಗಿರ್ರನೆ ತಿರುಗಿತು. ನೀರಿನ ಬಿಸಿ ನೋಡಿ ಫ್ಯಾನಿಗೆ ಕರೆಂಟು ಕೊಡುವ ಸಣ್ಣ ಸ್ವಿಚ್ಚು ಸತ್ತುಹೋಗಿತ್ತು. ಕೂಲಿಯೂ ಸೇರಿ ಎಂಟುನೂರೈವತ್ತು ರೂಪಾಯಿ.

ಇಲ್ಲಿಗೇ ಮುಗಿದಿದ್ದರೆ ನಾನು ಕುಣಿಯುತ್ತಾ ಮನೆಗೆ ಹೋಗುತ್ತಿದ್ದೆ.

‘ಮೇಷ್ಟ್ರೇ, ಒಸಿ ಕೆಳಗೆ ಬನ್ನಿ’ ಎಂದರು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಟಾರ್ಚು ಹಿಡಿದರು. ಮುಂಚಕ್ರದ ಹತ್ತಿರದ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಮುರಿದು ಒಳಕ್ಕೆ ಹೋಯಿತು. ತುಕ್ಕು. ‘ಸ್ವಿಚ್ಚು ಹಾಕಿ ಕಳಿಸಬಹುದು. ಆದ್ರೆ ಇದನ್ನ ಕೆತ್ತಿ ಹೊಸ ತಗಡು ವೆಲ್ಡಿಂಗ್ ಮಾಡಿಸ್ದೆ ಮಗೀನ ಕೂರಿಸ್ಕಬೇಡಿ. ಹದಿನೇಳು ಸಾವಿರದ ಮೇಲಾಯ್ತದೆ. ಬೇರೆ ಕಡೆ ತೋರಿಸಿ ವಿಚಾರಿಸ್ಕಂಡೇ ಬನ್ನಿ, ಬೇಜಾರಿಲ್ಲ.’

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಸಿಟ್ಟು ಬಂತು. ಅಗ್ಗದವನೇ ಪ್ರಾಮಾಣಿಕ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆನಲ್ಲ! ಆದರೆ ಮುರಿದ ತಗಡನ್ನು ನನ್ನ ಕಣ್ಣಾರೆ ನೋಡಿದ್ದೆ. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಆ ಗಡುವೂ ಹತ್ತಿರವಿತ್ತು. ಎರಡು ದಿನ ಯೋಚಿಸಿ, ಮಗನ ಜೊತೆ ಜಗಳವಾಡಿ, ಒಪ್ಪಿದೆ. ಏನೇನು ಕೆಲಸ, ಎಷ್ಟು ಹಣ ಎಂದು ಚೀಟಿಯಲ್ಲಿ ಬರೆಸಿಕೊಂಡೆ. ತೆಗೆದ ಹಳೇ ಸಾಮಾನು ನನಗೆ ಕೊಡಬೇಕೆಂದೆ. ‘ಕೇಳ್ದೆ ಇದ್ರೂ ಕೊಡ್ತೀನಿ’ ಅಂದರು. ನಡುವೆ ಒಂದು ದಿನ ಪುಟ್ಟಿಯೂ ನಾನೂ ಹೋಗಿ ಹೊಸ ತಗಡಿನ ಬೆಸುಗೆ ನೋಡಿ ಬಂದೆವು. ಒಂಬತ್ತು ದಿನ ಹಿಡಿಯಿತು. ಹೇಳಿದ್ದಕ್ಕಿಂತ ಮೂರು ದಿನ ತಡ. ಬಿಲ್ಲು ಮಾತ್ರ ಚೀಟಿಯಲ್ಲಿದ್ದಷ್ಟೇ.

ಸತ್ತ ಸ್ವಿಚ್ಚು ಈಗ ಪುಟ್ಟಿಯ ಕಂಪಾಸ್ ಪೆಟ್ಟಿಗೆಯಲ್ಲಿದೆ. ವಿಜ್ಞಾನದ ಟೀಚರಿಗೆ ತೋರಿಸಿ, ಫ್ಯಾನು ಯಾಕೆ ತಿರುಗಲಿಲ್ಲ ಎಂದು ತರಗತಿಗೆಲ್ಲ ವಿವರಿಸಿದಳಂತೆ. ಮಳೆ ಬಂದರೆ ಎಡಬಾಗಿಲಿನಿಂದ ಇನ್ನೂ ನೀರು ಒಸರುತ್ತದೆ. ಅದರ ರಬ್ಬರ್ ಪಟ್ಟಿಗಾಗಿ ಮೆಕ್ಯಾನಿಕ್ ಹುಡುಕುತ್ತಲೇ ಇದ್ದಾರೆ, ಸಿಕ್ಕಿಲ್ಲ.