ಗಂಡಿಗೊಪ್ಪಿದ ಸೀರೆ

ಹೆಣ್ಣಿನ ಉಡುಪು ಗಂಡಿನ ಮೈಗೆ ಒಪ್ಪುವುದೆಂದರೆ ವಾಚಕರು ನಕ್ಕಾರು. ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿ ಕರಗವನ್ನು ಕಂಡವರು ಮಾತ್ರ ನಗಲಾರರು. ದ್ರೌಪದೀದೇವಿಯ ಶಕ್ತಿಯನ್ನು ಶಿರದ ಮೇಲೆ ಹೊರುವ ಪೂಜಾರಿ ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಲ್ಲಿ ಮುಳುಗಿ ಹೊರಡುತ್ತಾನೆ. ಹೊಲಿಗೆಯಿಲ್ಲದ ಸೀರೆಗೆ ದರ್ಜಿಯ ಅಳತೆಪಟ್ಟಿಯ ಹಂಗೆಲ್ಲಿ? ಉಡಿಸುವ ಕೈ ಪಳಗಿದ್ದರಾಯಿತು.

ಬೆಂಗಳೂರಿನ ಕರಗದಲ್ಲಂತೂ ಪೂಜಾರಿಯ ಮಡದಿಯೇ ತನ್ನ ತಾಳಿ, ಬಳೆಗಳನ್ನು ಕಳಚಿ ಪತಿಗೊಪ್ಪಿಸಿ, ಉತ್ಸವ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದೆ ಇರುವುದು ವಾಡಿಕೆ. ಆ ಒಳಮನೆಯ ಕಾಯುವಿಕೆಯನ್ನು ಚಿತ್ರಿಸಿದವರು ವಿರಳ.

ಇತ್ತ ಇರುಳಿಡೀ ಬೀದಿಬೀದಿಗಳಲ್ಲಿ ಕರಗವನ್ನು ಕೈಯಿಂದ ಹಿಡಿಯದೆ ಹೊತ್ತು ನಡೆಯಬೇಕು. ಸುತ್ತಲೂ ವೀರಕುಮಾರರ ಬಿಚ್ಚುಗತ್ತಿಗಳು; ಕರಗ ಜಾರಿದರೆ ಅವು ಹೊತ್ತವನ ಮೇಲೆಯೇ ಎರಗುವುವೆಂಬುದು ನಂಬಿಕೆ. ಅಂತಹ ನಡಿಗೆಯಲ್ಲಿ ಒಂದು ನೆರಿಗೆಯೂ ಕಾಲಿಗೆ ತೊಡರಬಾರದು.